ತೋಟದವರಿಗೂ ಬೊಜ್ಜು! ಸರಕಾರ ಇದನ್ನು ಇಳಿಸಬಲ್ಲುದೇ?

ಎರಡು ವರ್ಷದ ಹಿಂದಿನ ಮಾತು. ಪೇಟೆಯ ಅಡಿಕೆ ಅಂಗಡಿಗೆ ನಾಲ್ಕು ಗೋಣಿ ಒಯ್ದಿದ್ದೆ. ತೂಗಿ ಆಯ್ತು, ಸಾಹುಕಾರರು ಚೀಟಿ ಬರೆಯುತ್ತಿದ್ದರು. ಸುಮ್ಮನೆ ನಿಲ್ಲುವುದೇಕೆಂದು ನಾನೂ ತೂಕದ ಯಂತ್ರ ಹತ್ತಿದೆ. 82 ಕಿಲೋ! ಗೋಣಿ ಹೊರುವ ಹುಡುಗ ನಕ್ಕೇ ಬಿಟ್ಟ: "ಅಣ್ಣ ಒಂದೂಕಾಲು ಗೋಣಿ ಉಂಟು!"

ಅವನ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಗೋಣಿ 65 ಕಿಲೋದ್ದು. ಮದುವೆಯ ವರ್ಷ ನಾನು 58 ಕಿಲೋ ಇದ್ದೆ. ಇಪ್ಪತ್ತೈದು ವರ್ಷದಲ್ಲಿ 24 ಕಿಲೋ ಏರಿದ್ದೇನೆ. ನನಗಿರುವುದು ಎರಡು ಎಕ್ರೆ ಅಡಿಕೆ, ನಡುವೆ ಸ್ವಲ್ಪ ತೆಂಗು, ಬಾಳೆ. ಆಫೀಸಿನಲ್ಲಿ ಕುಳಿತು ದುಡಿಯುವವನಲ್ಲ. ಬೊಜ್ಜು ಏನಿದ್ದರೂ ಪೇಟೆಯವರ ಕಾಯಿಲೆ ಎಂದೇ ತಿಳಿದಿದ್ದೆ.

ಆಮೇಲೆ ತಾಲೂಕು ಕೇಂದ್ರದ ಒಬ್ಬರು ಡಾಕ್ಟರರಲ್ಲಿ ಹೋದೆ. ಹೋದದ್ದು ಮೊಣಗಂಟು ನೋವಿಗೆ. ತೋಡಿನ ಬದಿಯ ಪಂಪ್‌ಶೆಡ್ಡಿಗೆ ಇಳಿದರೆ ಹತ್ತಿ ಬರಲು ಎರಡು ಸಲ ಕೂರಬೇಕಾಗುತ್ತಿತ್ತು. ಅವರು ಮೊಣಗಂಟು ಮುಟ್ಟುವ ಮೊದಲು ಟೇಪು ತೆಗೆದು ಸೊಂಟ ಅಳೆದರು. 104 ಸೆಂಟಿಮೀಟರ್. ಭಾರತದ ಗಂಡಸಿಗೆ 90, ಹೆಂಗಸಿಗೆ 80 ದಾಟಬಾರದಂತೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆಯೂ ಹೆಚ್ಚು ಬಂತು. "ಅನ್ನ ಕಡಿಮೆ ಮಾಡಿ, ದಿನಾ ವಾಕಿಂಗ್ ಮಾಡಿ" ಎಂದರು. ನಮ್ಮ ಊರಿನಲ್ಲಿ ಬೆಳಗ್ಗೆ ಕೈ ಬೀಸಿಕೊಂಡು ನಡೆದರೆ ಎದುರು ಸಿಕ್ಕವರು ಕೇಳುವುದು ಒಂದೇ: "ತೋಟದಲ್ಲಿ ಕೆಲಸ ಮುಗೀತಾ?"

ಇದು ನನ್ನೊಬ್ಬನ ಕತೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಸರಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ನೋಡಿ. 2005-06ರಲ್ಲಿ ದೇಶದ ಹೆಂಗಸರಲ್ಲಿ ಶೇ. 12.6, ಗಂಡಸರಲ್ಲಿ ಶೇ. 9.3 ಮಂದಿಗೆ ಅತಿತೂಕ ಇತ್ತು. 2019-21ಕ್ಕಾಗುವಾಗ ಅದು ಶೇ. 24 ಮತ್ತು ಶೇ. 22.9. ತೂಕ ಸಾಲದ, ಬಡಕಲು ಹೆಂಗಸರು ಅದೇ ಸಮೀಕ್ಷೆಯಲ್ಲಿ ಶೇ. 18.7. ಅಂದರೆ ಉಪವಾಸದ ದೇಶ ಎಂದು ಹೆಸರಾದ ನಮ್ಮಲ್ಲಿ ಈಗ ಬಡಕಲು ಇರುವವರಿಗಿಂತ ದಪ್ಪ ಇರುವವರು ಜಾಸ್ತಿ! ಕರ್ನಾಟಕದಲ್ಲಿ ಹತ್ತರಲ್ಲಿ ಮೂವರು. ಹಳ್ಳಿಯವರು ಬಚಾವು ಎಂದು ತಿಳಿಯಬೇಡಿ. ದೇಶದ ಹಳ್ಳಿಗಳ ಹೆಂಗಸರಲ್ಲೇ ಐವರಲ್ಲಿ ಒಬ್ಬರು ಅತಿತೂಕದವರು.

ದುಡಿಮೆ ಕಡಿಮೆ ಆದದ್ದೇ ಕಾರಣವೇ?

ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ಎಣಿಸಲು ಕಾರಣವೂ ಉಂಟು. ಅಪ್ಪನ ಕಾಲದಲ್ಲಿ ಹಾಳೆಯಲ್ಲಿ ನೀರು ಚೇಪುತ್ತಿದ್ದೆವು. ಈಗ ಸ್ವಿಚ್ಚು ಹಾಕಿದರೆ ಸ್ಪ್ರಿಂಕ್ಲರ್ ತಿರುಗುತ್ತದೆ. ಗುಡ್ಡೆಯಿಂದ ಸೊಪ್ಪಿನ ಹೊರೆ ತಲೆಯ ಮೇಲೆ ಬರುತ್ತಿತ್ತು. ಈಗ ಗೊಬ್ಬರ ಪಿಕಪ್ಪಿನಲ್ಲಿ ಅಂಗಳಕ್ಕೇ ಬರುತ್ತದೆ. ಹುಲ್ಲು ಕತ್ತಿಯಿಂದ ಕಳೆ ಕೊಚ್ಚುವ ಯಂತ್ರಕ್ಕೆ ಬಂದೆವು, ಅಡಿಕೆ ಮರ ಹತ್ತುವುದರಿಂದ ಫೈಬರ್ ದೋಟಿಗೆ ಬಂದೆವು. ಅಮ್ಮ ದಿನಾ ಅರ್ಧ ಗಂಟೆ ಕಡೆಯುವ ಕಲ್ಲಿನ ಮುಂದೆ ಕೂರುತ್ತಿದ್ದರು. ಆ ಕಲ್ಲು ಈಗ ಹಟ್ಟಿಯ ಪಕ್ಕ, ನಾಯಿಗೆ ನೀರಿಡುವ ತೊಟ್ಟಿ. ಹತ್ತು ಹೆಜ್ಜೆಗೂ ಬೈಕು ಹತ್ತುವ ನನ್ನ ಮಗನನ್ನು ನೋಡಿದರಂತೂ ಬೇರೆ ಪುರಾವೆ ಬೇಡ ಎನಿಸುತ್ತದೆ.

ಆದರೆ ವಿಜ್ಞಾನಿಗಳು ಅಳೆದು ನೋಡಿದಾಗ ಬೇರೆಯೇ ಉತ್ತರ ಬಂತು. ಆಫ್ರಿಕಾದ ಟಾಂಜಾನಿಯಾದಲ್ಲಿ ಹಾಡ್ಜಾ ಎಂಬ ಬೇಟೆಗಾರ ಜನ ಇದ್ದಾರೆ. ಗಂಡಸರು ದಿನಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ನಡೆಯುತ್ತಾರೆ. ಹೆಂಗಸರು ಗೆಡ್ಡೆ ಅಗೆಯುತ್ತಾರೆ. ಇವರು ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತಾರೆಂದು ಅಳೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ದೇಹದ ಗಾತ್ರ ಸರಿದೂಗಿಸಿ ನೋಡಿದರೆ, ಕುರ್ಚಿಯಲ್ಲಿ ಕುಳಿತು ದುಡಿಯುವ ಅಮೆರಿಕದವರ ಖರ್ಚಿಗೂ ಇವರದ್ದಕ್ಕೂ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ! ಮೈ ಹೆಚ್ಚು ದುಡಿದರೆ ದೇಹ ಒಳಗಿನ ಬೇರೆ ಖರ್ಚುಗಳನ್ನು ಬಿಗಿ ಹಿಡಿಯುತ್ತದೆ ಎಂಬುದು ಅವರು ಕೊಡುವ ವಿವರಣೆ. 2025ರಲ್ಲಿ 34 ಸಮುದಾಯಗಳ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ಲೆಕ್ಕ ಒಟ್ಟು ಮಾಡಿದಾಗಲೂ, ಬೊಜ್ಜಿಗೆ ದುಡಿಮೆ ಇಳಿದದ್ದಕ್ಕಿಂತ ತಿನ್ನುವುದು ಬದಲಾದದ್ದೇ ಎಷ್ಟೋ ಪಾಲು ದೊಡ್ಡ ಕಾರಣ ಎಂದು ಕಂಡಿತು.

ಹಾಗೆಂದು ದುಡಿಮೆ ಬೇಡವೆಂದಲ್ಲ. ಹೃದಯಕ್ಕೆ, ಕೀಲಿಗೆ, ರಕ್ತದ ಸಕ್ಕರೆಗೆ ಅದು ಒಳ್ಳೆಯದೇ. ಆದರೆ ಸೊಂಟದ ಸುತ್ತಳತೆಗೆ ಉತ್ತರ ಹುಡುಕುವುದಾದರೆ ತೋಟಕ್ಕಿಂತ ಮೊದಲು ಅಡುಗೆಮನೆಗೆ ಹೋಗಬೇಕು.

ಎಣ್ಣೆ ಡಬ್ಬಿಯ ಲೆಕ್ಕ

ನಾನು ಹೋದೆ. ಮನೆಯಾಕೆ ದಿನಸಿ ಚೀಟಿಗಳನ್ನು ಮೊಳೆಗೆ ಸಿಕ್ಕಿಸಿಡುವ ಅಭ್ಯಾಸದವಳು. ಆರು ತಿಂಗಳದ್ದನ್ನು ಕೂಡಿಸಿದೆ. ನಾಲ್ಕು ಜನದ ನಮ್ಮ ಮನೆಗೆ ತಿಂಗಳಿಗೆ ಆರು ಲೀಟರ್ ಎಣ್ಣೆ ಬರುತ್ತಿತ್ತು. ಅಂದರೆ ಸುಮಾರು ಐದೂವರೆ ಕಿಲೋ. ಒಬ್ಬರಿಗೆ ದಿನಕ್ಕೆ 45 ಗ್ರಾಂ. ಬೇಕರಿ, ಹೋಟೆಲು, ಮದುವೆಮನೆಯದ್ದು ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಸಾಧಾರಣ ಕೆಲಸದವರಿಗೆ ದಿನಕ್ಕೆ 30 ಗ್ರಾಂ ಒಳಗೆ ಇದ್ದರೆ ಸಾಕು.

"ಅಮ್ಮನ ಕಾಲದಲ್ಲಿ ಎಷ್ಟು ಬೇಕಾಗುತ್ತಿತ್ತು?" ಕೇಳಿದೆ. ಅಮ್ಮ ಒಳಗಿಂದಲೇ ಹೇಳಿದರು, "ಗಾಣಕ್ಕೆ ಕೊಪ್ಪರ ಕೊಟ್ಟು ತಂದದ್ದು ತಿಂಗಳಿಗೆ ಎರಡು ಸೇರು. ಅದರಲ್ಲೇ ತಲೆಗೂ, ದೀಪಕ್ಕೂ."

ಎಣ್ಣೆಗೆ ಇಷ್ಟು ಒತ್ತು ಕೊಡುವುದು ಯಾಕೆ? ಒಂದು ಗ್ರಾಂ ಸಕ್ಕರೆ ಅಥವಾ ಪಿಷ್ಟದಲ್ಲಿ ಸುಮಾರು 4 ಕ್ಯಾಲೊರಿ ಶಕ್ತಿ, ಎಣ್ಣೆಯಲ್ಲಿ 9. ಹೊಟ್ಟೆಯಲ್ಲಿ ಜಾಗ ಹಿಡಿಯದೆ ಒಳಗೆ ಹೋಗುವ ಶಕ್ತಿ ಇದು. ತೆಂಗಿನೆಣ್ಣೆ, ಶೇಂಗಾ ಎಣ್ಣೆ, ತಾಳೆ ಎಣ್ಣೆ ಎಲ್ಲವೂ ಈ ವಿಷಯದಲ್ಲಿ ಸಮಾನ. ನಾನು ತೆಂಗು ಬೆಳೆಯುವವನಾದರೂ ಇದನ್ನು ಹೇಳಲೇಬೇಕು. ತೆಂಗಿನೆಣ್ಣೆ ಕುಡಿದು ತೂಕ ಇಳಿಸಿ ಎನ್ನುವ ಪ್ರಚಾರವನ್ನು ನಾನು ನಂಬುವುದಿಲ್ಲ.

ಇನ್ನೊಂದು ಲೆಕ್ಕ. ಒಂದು ಕಿಲೋ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಸೇರಿರುತ್ತದೆ. ನಾನು ಏರಿದ್ದು ವರ್ಷಕ್ಕೆ ಒಂದು ಕಿಲೋ. ಭಾಗಿಸಿದರೆ ದಿನಕ್ಕೆ 21 ಕ್ಯಾಲೊರಿ. ಒಂದು ಚಮಚ ಸಕ್ಕರೆ, ಅಷ್ಟೆ! ದೇಹ ದೊಡ್ಡದಾದಂತೆ ಅದನ್ನು ಸಾಕಲು ಇನ್ನೂ ಹೆಚ್ಚು ಬೇಕಾಗುವ ಕಾರಣ ನಿಜವಾದ ಹೆಚ್ಚಳ ಇದಕ್ಕಿಂತ ಎಷ್ಟೋ ದೊಡ್ಡದು. ಆದರೂ ವರ್ಷಕ್ಕೊಂದು ಕಿಲೋ ಏರುವವನಿಗೆ ತಾನು ಏರುತ್ತಿರುವುದೇ ಗೊತ್ತಾಗದು ಎಂಬುದಕ್ಕೆ ಈ ಲೆಕ್ಕ ಸಾಕು. ಲುಂಗಿ ಉಡುವವರಿಗೆ ಇನ್ನೂ ಗೊತ್ತಾಗದು. ಪ್ಯಾಂಟಾದರೆ ಗುಂಡಿಯಾದರೂ ಎಚ್ಚರಿಸೀತು!

ಹೊಟ್ಟೆಬಾಕತನ ಎನ್ನಬೇಡಿ

ದಪ್ಪಗಿದ್ದವರನ್ನು ಕಂಡರೆ ಹೊಟ್ಟೆಬಾಕ, ಸೋಮಾರಿ ಎನ್ನುವುದು ನಮ್ಮ ರೂಢಿ. ಇದು ಎಷ್ಟು ತಪ್ಪು ಎಂದು ತೋರಿಸುವ ಎರಡು ಅಧ್ಯಯನ ಹೇಳುತ್ತೇನೆ.

ಪುಣೆಯ ಸುತ್ತಲಿನ ಹಳ್ಳಿಗಳ ಬಸುರಿಯರನ್ನೂ ಮಕ್ಕಳನ್ನೂ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1990ರ ದಶಕದಿಂದ ಗಮನಿಸುತ್ತಾ ಬಂತು. 2003ರಲ್ಲಿ ಪ್ರಕಟವಾದ ಅವರ ವರದಿಯಂತೆ ಅಲ್ಲಿ ಹುಟ್ಟಿದ ಶಿಶುವಿನ ಸರಾಸರಿ ತೂಕ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶು 3.5 ಕಿಲೋ. ನಮ್ಮ ಮಗುವಿನಲ್ಲಿ ಮಾಂಸಖಂಡ ಕಡಿಮೆ, ಅಂಗಾಂಗ ಸಣ್ಣದು. ಆದರೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆ ಇರಲಿಲ್ಲ. ತಾಯಿಯ ಹೊಟ್ಟೆಯಲ್ಲಿ ಕೊರತೆ ಉಂಡ ದೇಹ ಕೊಬ್ಬನ್ನು ಜೋಪಾನ ಮಾಡಿಟ್ಟುಕೊಂಡೇ ಹುಟ್ಟುತ್ತದೆ. ಕೈಕಾಲು ಕಡ್ಡಿ, ಹೊಟ್ಟೆ ಮುಂದೆ. ಈ ರೂಪ ನಮ್ಮ ಊರುಗಳಲ್ಲಿ ಎಷ್ಟು ಬೇಕು? ಬಿಳಿಯರಿಗಿಂತ ಕಡಿಮೆ ತೂಕದಲ್ಲೇ ನಮಗೆ ಸಕ್ಕರೆ ಕಾಯಿಲೆ ಬರುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಅಮೆರಿಕದ ಸರಕಾರಿ ಸಂಶೋಧನಾಲಯದಲ್ಲಿ ಕೆವಿನ್ ಹಾಲ್ ನಡೆಸಿದ್ದು, 2019ರಲ್ಲಿ ಪ್ರಕಟವಾದದ್ದು. 20 ಮಂದಿಯನ್ನು ನಾಲ್ಕು ವಾರ ಒಳಗೇ ಇಟ್ಟುಕೊಂಡರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ಆಹಾರ, ಎರಡು ವಾರ ಮನೆಯಡುಗೆಯಂಥದ್ದು. ಎರಡರಲ್ಲೂ ಇಟ್ಟ ಸಕ್ಕರೆ, ಕೊಬ್ಬು, ಉಪ್ಪು, ನಾರು ಒಂದೇ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಪೊಟ್ಟಣದ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ 0.9 ಕಿಲೋ ಏರಿದರು. ಆಹಾರ ಬದಲಿಸಿದಾಗ ಅಷ್ಟೇ ಇಳಿದರು. ಮನುಷ್ಯರು ಅವರೇ, ಬದಲಾದದ್ದು ಬಟ್ಟಲಲ್ಲಿ ಇದ್ದದ್ದು.

ಮೆದು ಪದಾರ್ಥ ಬೇಗ ಬೇಗ ಒಳಗೆ ಹೋಗುತ್ತದೆ, "ಸಾಕು" ಎಂಬ ಸುದ್ದಿ ಮೆದುಳಿಗೆ ಮುಟ್ಟುವ ಮೊದಲೇ ಪೊಟ್ಟಣ ಖಾಲಿ. ಕುಚ್ಚಿಲಕ್ಕಿ ಗಂಜಿ ಉಣ್ಣಲು ಹೊತ್ತು ಬೇಕು, ಮಿಕ್ಸ್ಚರಿನ ಪೊಟ್ಟಣಕ್ಕೆ ಬೇಡ. ಮತ್ತೆ, ಒಮ್ಮೆ ಏರಿದ ತೂಕವನ್ನು ದೇಹ ಬಿಟ್ಟುಕೊಡುವುದಿಲ್ಲ. ಇಳಿಸಲು ಹೊರಟರೆ ಹಸಿವೆ ಹೆಚ್ಚಿಸುತ್ತದೆ. 2025ರಲ್ಲಿ ನಮ್ಮ ದೇಶದಲ್ಲೂ ಮಾರಾಟಕ್ಕೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳು ಮುಖ್ಯವಾಗಿ ಈ ಹಸಿವೆಯನ್ನೇ ತಗ್ಗಿಸುತ್ತವೆ. ಹಸಿವೆ ಬರಿಯ ಮನಸ್ಸಿನ ಹಟದ ವಿಷಯವಾಗಿದ್ದರೆ ಮದ್ದು ಕೆಲಸ ಮಾಡುತ್ತಿರಲಿಲ್ಲ.

ಸರಕಾರದ ಎರಡು ಕೈ

ಹಾಗಾದರೆ ತಿನ್ನುವುದು ಬದಲಾದದ್ದು ಹೇಗೆ? ಇಲ್ಲಿ ಸರಕಾರ ಬರುತ್ತದೆ.

ತಿನ್ನುವ ಎಣ್ಣೆಯ ಚರಿತ್ರೆ ನೋಡಿ. 1986ರಲ್ಲಿ ಕೇಂದ್ರ ಸರಕಾರ ಎಣ್ಣೆಕಾಳು ತಂತ್ರಜ್ಞಾನ ಮಿಶನ್ ಆರಂಭಿಸಿತು. ರೈತರು ಸೂರ್ಯಕಾಂತಿ, ಸಾಸಿವೆ, ಸೋಯಾ ಬೆಳೆದು ತೋರಿಸಿದರು. 90ರ ದಶಕದ ಆರಂಭಕ್ಕೆ ದೇಶ ಎಣ್ಣೆಯಲ್ಲಿ ಬಹುತೇಕ ಸ್ವಾವಲಂಬಿಯಾಯಿತು. ಆಮೇಲೆ 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಆಗ ಸುಂಕ ಶೇ. 65. ನಾಲ್ಕೇ ವರ್ಷದಲ್ಲಿ, 1998ಕ್ಕೆ, ಅದು ಶೇ. 15ಕ್ಕೆ ಇಳಿಯಿತು. ಆ ಹೊಡೆತ ತೆಂಗು ಬೆಳೆಗಾರರಿಗೆ ನೆನಪಿದೆ. ಇಂದು ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಅದರಲ್ಲಿ ಇಂಡೊನೇಶ್ಯಾ, ಮಲೇಶ್ಯಾದ ತಾಳೆ ಎಣ್ಣೆಯದ್ದೇ ದೊಡ್ಡ ಪಾಲು. 90ರ ದಶಕದ ಆರಂಭದಲ್ಲಿ ತಲೆಗೆ ವರ್ಷಕ್ಕೆ ಸುಮಾರು 6 ಕಿಲೋ ಇದ್ದ ಬಳಕೆ ಈಗ ಸುಮಾರು 20 ಕಿಲೋ. ಬೇಕಾದದ್ದು 11-12.

ಅಗ್ಗದ ಎಣ್ಣೆ ಮನೆಯ ಬಾಣಲೆಗೆ ಮಾತ್ರ ಬರಲಿಲ್ಲ. ಬಿಸ್ಕೆಟು, ನೂಡಲ್ಸು, ಚಿಪ್ಸು, ಬೇಕರಿ ಪಫ್ಸು ಎಲ್ಲದರೊಳಗೆ ಹೊಕ್ಕಿತು. ಹತ್ತು ರೂಪಾಯಿಯ ಪೊಟ್ಟಣ ಹತ್ತೇ ರೂಪಾಯಿಯಲ್ಲಿ ಉಳಿಯಲು ಈ ಅಗ್ಗದ ಎಣ್ಣೆಯೂ ಬೇಕು. ಬಡವರ ಮನೆಯ ಒಗ್ಗರಣೆಗೆ ಅದು ಆಧಾರವಾದದ್ದೂ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮ ಮನೆಯದ್ದೇ ಹೇಳುವುದಾದರೆ, 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿದಾಗ ನಾವು ಕಾಯಿ ಅಷ್ಟೂ ಮಾರಿ, ಅದರ ಮೂರನೇ ಒಂದರ ಆಸುಪಾಸಿನ ಬೆಲೆಯ ಪಾಮೋಲಿನ್ ತಂದೆವು. ತೆಂಗು ಬೆಳೆಗಾರನ ಮನೆಯಲ್ಲಿ ಮಲೇಶ್ಯಾದ ಎಣ್ಣೆ! ಅಗ್ಗವೆಂದು ಸುರಿದದ್ದೂ ಹೆಚ್ಚೇ.

ಈಗ ಅದೇ ವರ್ಷದ ಎರಡು ಘಟನೆ ಜೋಡಿಸಿ ನೋಡಿ. 2025ರ ಜನವರಿಯಲ್ಲಿ ಡೆಹ್ರಾಡೂನಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಬೊಜ್ಜಿನ ಬಗ್ಗೆ ಎಚ್ಚರಿಸಿ, ಎಣ್ಣೆ ಶೇ. 10 ಕಡಿಮೆ ಬಳಸಿ ಎಂದು ಕರೆ ಕೊಟ್ಟರು. ಒಳ್ಳೆಯ ಮಾತು. ಮೇ 30ಕ್ಕೆ ಅದೇ ಕೇಂದ್ರ ಸರಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ. 20ರಿಂದ ಶೇ. 10ಕ್ಕೆ ಇಳಿಸಿತು. ಒಂದು ಕೈ ಕಡಿಮೆ ತಿನ್ನಿ ಎನ್ನುತ್ತದೆ, ಇನ್ನೊಂದು ಕೈ ಅಗ್ಗ ಮಾಡಿ ಬಡಿಸುತ್ತದೆ.

ನಮ್ಮ ರಾಜ್ಯವೂ ಇದಕ್ಕೆ ಹೊರತಲ್ಲ. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಟ್ ಕೊಡುವುದೆಂದು 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಅದರಲ್ಲಿ ತೊಗರಿಬೇಳೆ ಸೇರಿಸಿದ್ದು ಬಹಳ ಒಳ್ಳೆಯದು. ಜತೆಗೆ ಎಣ್ಣೆ, ಸಕ್ಕರೆಯೂ! ಆ ದುಡ್ಡಿಗೆ ಇನ್ನಷ್ಟು ಬೇಳೆಯನ್ನೋ ಹೆಸರನ್ನೋ ಕೊಟ್ಟಿದ್ದರೆ ಬೆಳೆಗಾರನಿಗೂ ಲಾಭ ಇತ್ತು.

ಕೆಲವು ಕ್ರಮಗಳು ನಗೆ ತರಿಸುತ್ತವೆ. ಶಾಲೆಯ ಬಿಸಿಯೂಟದಲ್ಲೂ ಎಣ್ಣೆ ಶೇ. 10 ಇಳಿಸಿ ಎಂದು ಕೇಂದ್ರ ಶಿಕ್ಷಣ ಇಲಾಖೆ 2025ರಲ್ಲಿ ರಾಜ್ಯಗಳಿಗೆ ಹೇಳಿತು. ಬಿಸಿಯೂಟದಲ್ಲಿ ಕಿರಿಯ ಪ್ರಾಥಮಿಕದ ಮಗುವಿಗೆ ಇರುವುದೇ ಐದು ಗ್ರಾಂ ಎಣ್ಣೆ. ಒಂದು ಚಮಚ! ಅದರಲ್ಲಿ ಅರ್ಧ ಗ್ರಾಂ ಉಳಿಸಿ ಯಾರ ಬೊಜ್ಜು ಇಳಿಸುವುದು?

ಹೊರಗಿನವರು ಮಾಡಿದ್ದು

ತೆರಿಗೆ ಹಾಕಿದರೆ ಇಳಿಯುತ್ತದೆಯೇ? ಪಕ್ಕದ ಕೇರಳದ್ದು ಕಾಸರಗೋಡಿನ ಓದುಗರಿಗೆ ಗೊತ್ತೇ ಇದೆ. 2016ರ ಜುಲಾಯಿ ಬಜೆಟಿನಲ್ಲಿ ಹಣಕಾಸು ಮಂತ್ರಿ ಥಾಮಸ್ ಐಸಾಕ್ ಅವರು ಬರ್ಗರ್, ಪಿಜ್ಜಾದಂಥವುಗಳಿಗೆ ಶೇ. 14.5 "ಕೊಬ್ಬು ತೆರಿಗೆ" ಹಾಕಿದರು. ದೇಶದಲ್ಲೇ ಮೊದಲು ಎಂದು ಪತ್ರಿಕೆಗಳು ಬರೆದವು. ಆದರೆ ಅದು ಅನ್ವಯವಾದದ್ದು ಹೆಸರುವಾಸಿ ಕಂಪೆನಿಗಳ ಹೋಟೆಲುಗಳಿಗೆ ಮಾತ್ರ. ದಾರಿಬದಿಯ ಪೊರೋಟ, ಪಳಂಪೊರಿ, ಬೇಕರಿಯ ಚಿಪ್ಸು ಯಾವುದಕ್ಕೂ ತಾಗಲಿಲ್ಲ. ಜನ ದಿನಾ ತಿನ್ನುವುದು ಇದನ್ನು! ಮುಂದಿನ ವರ್ಷವೇ ಜಿ.ಎಸ್.ಟಿ. ಬಂದು ಆ ತೆರಿಗೆ ಮುಗಿಯಿತು. 2019-21ರ ಸಮೀಕ್ಷೆಯಲ್ಲಿ ಕೇರಳದ ಹೆಂಗಸರಲ್ಲಿ ಅತಿತೂಕದವರು ಶೇ. 38.1. ಅದಕ್ಕಿಂತ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಶೇ. 32.4 ಇತ್ತು.

ಡೆನ್ಮಾರ್ಕಿನವರು 2011ರ ಅಕ್ಟೋಬರ್‌ನಲ್ಲಿ ಪರ್ಯಾಪ್ತ ಕೊಬ್ಬಿಗೇ ನೇರ ತೆರಿಗೆ ಹಾಕಿದರು, ಕಿಲೋಗೆ 16 ಕ್ರೋನರ್. ಬೆಣ್ಣೆ, ಚೀಸ್, ಮಾಂಸ ಎಲ್ಲ ತುಟ್ಟಿಯಾಯಿತು. ಜನ ಗಡಿ ದಾಟಿ ಜರ್ಮನಿಯಲ್ಲಿ ಬೆಣ್ಣೆ ಕೊಂಡರು. 2013ರ ಹೊಸ ವರ್ಷಕ್ಕೆ ತೆರಿಗೆ ರದ್ದು. ಇದನ್ನು ಯಾಕೆ ಹೇಳಿದೆನೆಂದರೆ, ತೆಂಗಿನೆಣ್ಣೆಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಪರ್ಯಾಪ್ತ ಕೊಬ್ಬು. ಯಾವುದಾದರೂ ಸರಕಾರ ಇಲ್ಲಿ ಅಂಥ ತೆರಿಗೆ ತಂದರೆ ಬರ್ಗರಿಗಿಂತ ಮೊದಲು ಪೆಟ್ಟು ಬೀಳುವುದು ನಮ್ಮ ಕೊಪ್ಪರಕ್ಕೆ. ಬೊಜ್ಜಿನ ಚರ್ಚೆ ಡಾಕ್ಟರರದ್ದು ಮಾತ್ರ ಎಂದು ಬೆಳೆಗಾರರು ಸುಮ್ಮನಿರುವಂತಿಲ್ಲ.

ಮೆಕ್ಸಿಕೋ 2014ರ ಜನವರಿಯಿಂದ ಸಕ್ಕರೆ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಬೆಲೆ ಸುಮಾರು ಹತ್ತನೇ ಒಂದಂಶ ಏರಿತು. ಮೊದಲ ವರ್ಷ ಖರೀದಿ ಸುಮಾರು ಶೇ. 6, ಎರಡನೇ ವರ್ಷ ಶೇ. 10ರ ಹತ್ತಿರ ಇಳಿಯಿತು. ಬಡವರ ಮನೆಗಳಲ್ಲಿ ಇಳಿಕೆ ಇನ್ನೂ ಹೆಚ್ಚು. ಹಾಗೆಂದು ದೇಶದ ಬೊಜ್ಜು ಕರಗಲಿಲ್ಲ. ಅಲ್ಲಿ ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬೊಜ್ಜು ಇದೆ. ಒಂದು ಪಾನೀಯ ತುಟ್ಟಿಯಾದರೆ ಉಳಿದದ್ದು ಎಲ್ಲಿಗೂ ಹೋಗುವುದಿಲ್ಲವಲ್ಲ.

ನನಗೆ ಹೆಚ್ಚು ಬುದ್ಧಿವಂತಿಕೆ ಕಂಡದ್ದು ಬ್ರಿಟನ್ನಿನ ಕ್ರಮದಲ್ಲಿ. ಅವರು 2016ರಲ್ಲಿ ಘೋಷಿಸಿದರು, 2018ರ ಎಪ್ರಿಲಿನಲ್ಲಿ ಜಾರಿ ಮಾಡಿದರು. ನಡುವೆ ಕಂಪೆನಿಗಳಿಗೆ ಎರಡು ವರ್ಷ ಸಮಯ. 100 ಮಿಲಿ ಲೀಟರಿನಲ್ಲಿ ಸಕ್ಕರೆ 8 ಗ್ರಾಂ ಅಥವಾ ಹೆಚ್ಚಿದ್ದರೆ ಲೀಟರಿಗೆ 24 ಪೆನ್ಸ್, 5ರಿಂದ 8ರ ಒಳಗಿದ್ದರೆ 18 ಪೆನ್ಸ್, ಐದಕ್ಕಿಂತ ಕಡಿಮೆ ಇದ್ದರೆ ಸೊನ್ನೆ. ಏನಾಯಿತು? ಹೆಚ್ಚಿನ ಕಂಪೆನಿಗಳು ತೆರಿಗೆ ಕಟ್ಟುವ ಬದಲು ಸಕ್ಕರೆಯನ್ನೇ ಇಳಿಸಿದವು. ಆ ಪಾನೀಯಗಳ ಮೂಲಕ ಮಾರಾಟವಾಗುತ್ತಿದ್ದ ಸಕ್ಕರೆ 2015ರಿಂದ 2019ರೊಳಗೆ ಮೂರನೇ ಒಂದರಷ್ಟು ಕಡಿಮೆಯಾಯಿತು. ಕುಡಿಯುವವನಿಗೆ ಯಾರೂ ಉಪದೇಶ ಮಾಡಬೇಕಾಗಲಿಲ್ಲ. 2023ರಲ್ಲಿ ಕೇಂಬ್ರಿಡ್ಜಿನವರು ನೋಡಿದಾಗ 10-11 ವರ್ಷದ ಹೆಣ್ಣುಮಕ್ಕಳಲ್ಲಿ ಬೊಜ್ಜು ನಿರೀಕ್ಷೆಗಿಂತ ಶೇ. 8 ಕಡಿಮೆ ಇತ್ತು. ಗಂಡುಮಕ್ಕಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಫಲ, ಆದರೆ ಫಲ.

ನಮ್ಮಲ್ಲೂ ಇಂಥ ಪಾನೀಯಕ್ಕೆ ಶೇ. 40 ತೆರಿಗೆ 2017ರಿಂದ ಇದೆ. ಮೊದಲು ಜಿ.ಎಸ್.ಟಿ. ಮತ್ತು ಸೆಸ್ ಸೇರಿ 40, ಈಗ ನೇರ 40. ಬ್ರಿಟನ್ನಿನದ್ದಕ್ಕಿಂತ ಭಾರದ್ದೇ. ಆದರೆ ಬಾಟ್ಲಿಯಲ್ಲಿ ಸಕ್ಕರೆ 11 ಗ್ರಾಂ ಇರಲಿ, ಸೊನ್ನೆ ಇರಲಿ, ಅದೇ 40. ಮತ್ತೆ ಕಂಪೆನಿ ಸಕ್ಕರೆ ಇಳಿಸುವುದು ಯಾಕೆ? ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಬಿಸ್ಕೆಟು, ಚಾಕೊಲೇಟು, ಐಸ್‌ಕ್ರೀಮಿನ ತೆರಿಗೆ ಶೇ. 18ರಿಂದ 5ಕ್ಕೆ, ಮಿಕ್ಸ್ಚರ್ ಭುಜಿಯಾದ್ದು 12ರಿಂದ 5ಕ್ಕೆ ಇಳಿಯಿತು. ತುಪ್ಪ, ಬೆಣ್ಣೆಯದ್ದು ಇಳಿದದ್ದು ಹಾಲು ಉತ್ಪಾದಕರಿಗೆ ಸಂತೋಷವೇ. ಆದರೆ ಚಾಕೊಲೇಟು ಅಗ್ಗ ಮಾಡಿ ಬೊಜ್ಜಿನ ವಿರುದ್ಧ ಭಾಷಣ ಮಾಡಿದರೆ ಯಾರು ಕೇಳುತ್ತಾರೆ?

ಇಷ್ಟು ಓದಿ, ಕೇಳಿ ನನಗೆ ಅನಿಸಿದ್ದು ಇದು: ಉಪದೇಶದಿಂದ ಆಗುವುದು ಅತ್ಯಲ್ಪ. ಬೆಲೆ ಮತ್ತು ಪದಾರ್ಥ ಎರಡನ್ನೂ ಬದಲಿಸುವ ಕ್ರಮದಿಂದ ಸ್ವಲ್ಪ ಆಗುತ್ತದೆ, ಅದೂ ಹೆಚ್ಚಾಗಿ ಮಕ್ಕಳಲ್ಲಿ. ನನ್ನಂಥ ಈಗಾಗಲೇ ಏರಿದವರನ್ನು ಇಳಿಸಿದ ಸರಕಾರ ನಾನು ಓದಿದ ಮಟ್ಟಿಗೆ ಎಲ್ಲೂ ಇಲ್ಲ. ಹಾಗಾಗಿ ನೋಡಬೇಕಾದದ್ದು ಶಾಲೆಯ ಕಡೆ.

50 ಮೀಟರಿನ ನಿಯಮ

ಶಾಲೆಯ ಕಡೆ ನಿಯಮ ಇಲ್ಲದಿಲ್ಲ. ಎಣ್ಣೆ, ಸಕ್ಕರೆ, ಉಪ್ಪು ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರ್ ಸುತ್ತಳತೆಯಲ್ಲಿ ಮಕ್ಕಳಿಗೆ ಮಾರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಒಂದು ಆದಿತ್ಯವಾರ ತೋಟದ ಹಗ್ಗ ಒಯ್ದು ನಮ್ಮೂರ ಶಾಲೆಯ ಗೇಟಿನಿಂದ ಎದುರಿನ ಅಂಗಡಿಗೆ ಅಳೆದೆ. 22 ಮೀಟರ್. ಅಂಗಡಿಯ ಎದುರು ಮಾಲೆ ಮಾಲೆಯಾಗಿ ಪೊಟ್ಟಣ ತೂಗುತ್ತಿತ್ತು, ಮಕ್ಕಳ ಕಣ್ಣಿಗೆ ಸರೀ ನೇರಕ್ಕೆ.

ದೂರು ಕೊಡಬಹುದಿತ್ತು. ಆದರೆ ಆ ಅಂಗಡಿಯವರು ಅರ್ಧ ಎಕ್ರೆಯ ರೈತ, ನನ್ನ ಜತೆ ಓದಿದವರು. "ಇದನ್ನು ತೆಗೆದರೆ ನನಗೆ ಉಳಿಯುವುದು ಬೀಡಿ, ಬೆಂಕಿಪೊಟ್ಟಣ ಮಾತ್ರ ಮಾರಾಯ" ಎಂದರು. ಸುಳ್ಳಲ್ಲ. ಮತ್ತೆ ಹತ್ತು ರೂಪಾಯಿಗೆ ಮಗುವಿಗೆ ಬೇರೇನು ಸಿಗುತ್ತದೆ? ಶಾಲಾ ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಈ ಮಾತು ಎತ್ತಿದೆ. ಹೆತ್ತವರಲ್ಲಿ ಕೆಲವರು, "ನಿಮ್ಮ ಹೊಟ್ಟೆ ನೋಡಿಕೊಳ್ಳಿ ಮೊದಲು" ಎಂದು ನಕ್ಕರು. ನಾನೂ ನಕ್ಕೆ.

ನಮ್ಮ ಹೊಟ್ಟೆಯನ್ನೂ ನೋಡಿಕೊಂಡಿದ್ದೇನೆ. ಎಣ್ಣೆಯನ್ನು ತಿಂಗಳಿಗೆ ಮೂರೂವರೆ ಲೀಟರಿಗೆ ಇಳಿಸಿದ್ದೇವೆ. ಮಾಡಿದ್ದು ಇಷ್ಟೆ: ಡಬ್ಬಿಯಿಂದ ನೇರ ಸುರಿಯುವುದನ್ನು ಬಿಟ್ಟು, ತಿಂಗಳ ಮೊದಲ ದಿನ ಅಳೆದು ಬೇರೆ ಪಾತ್ರೆಗೆ ಹಾಕಿಡುವುದು. ಅದು ಮುಗಿದರೆ ಮುಗಿಯಿತು. ಸಂಜೆಯ ಚಾಕ್ಕೆ ಮಿಕ್ಸ್ಚರ್ ಇಲ್ಲ. ರಾತ್ರಿಗೆ ಗಂಜಿ, ಹೆಸರು ಪಲ್ಯ. ಹದಿನಾಲ್ಕು ತಿಂಗಳಲ್ಲಿ 82 ಇದ್ದದ್ದು 77ಕ್ಕೆ ಬಂತು. ಅಲ್ಲೇ ನಿಂತಿದೆ, ಜಪ್ಪಯ್ಯ ಎಂದರೂ ಇಳಿಯುತ್ತಿಲ್ಲ. ಪಂಪ್‌ಶೆಡ್ಡಿನಿಂದ ಹತ್ತುವಾಗ ಈಗ ಒಮ್ಮೆ ಕೂತರೆ ಸಾಕು.

ಅಂಗಡಿಗೆ ಈಗ ವಾರಕ್ಕೆ ಎರಡು ಕದಳಿ ಗೊನೆ ಕೊಡುತ್ತೇನೆ. ಅದರಲ್ಲಿ ಲಾಭ ಬಿಟ್ಟಿದ್ದೇನೆ, ಹಣ್ಣು ಒಂದಕ್ಕೆ ಮೂರು ರೂಪಾಯಿಗೆ ಮಾರಬೇಕೆಂಬ ಒಪ್ಪಂದದ ಮೇಲೆ. ಬೆಳಗ್ಗಿನ ಗಂಟೆಗೆ ಮೊದಲೇ ಅರ್ಧ ಖಾಲಿ ಎನ್ನುತ್ತಾರೆ ಅವರು. ಹುರಿದ ಕಡಲೆಯನ್ನೂ ಕಟ್ಟಿಡಲು ಒಪ್ಪಿದ್ದಾರೆ. ಪೊಟ್ಟಣದ ಮಾಲೆಯನ್ನು ಎದುರಿನಿಂದ ತೆಗೆದು ಒಳಗಿನ ಗೋಡೆಗೆ ತೂಗಿದ್ದಾರೆ. ಮಕ್ಕಳು ಈಗ ಕೇಳಿ ತೆಗೆದುಕೊಳ್ಳುತ್ತಾರೆ.